ರೇಷ್ಮೆ ತಿನ್ನುವ ಬಾಯಿಗೆ ಜೋಳದ ಪ್ಲಾಸ್ಟಿಕ್

ಶಿಡ್ಲಘಟ್ಟದ ಕಡೆ ಒಂದು ತೋಟ. ಟೊಮೆಟೊ ಬೆಳೆ ಮುಗಿದಿದೆ. ಸಾಲುಗಳ ಮೇಲೆ ಹಾಸಿದ್ದ ಮಲ್ಚಿಂಗ್ ಪೇಪರನ್ನು ಕಿತ್ತು ಬದುವಿನ ಮೇಲೆ ಗುಡ್ಡೆ ಹಾಕಿದ್ದಾರೆ. ಪಕ್ಕದಲ್ಲಿ ಹಿಪ್ಪುನೇರಳೆ, ಅದರಾಚೆ ಹುಳುಮನೆ. ಮಾತಾಡುತ್ತಿರುವವರು ತೋಟದ ಯಜಮಾನರು ಮತ್ತು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕಿಣ್ವಗಳ ಮೇಲೆ ಕೆಲಸ ಮಾಡುವ ಅವರ ಸೋದರಸೊಸೆ.

ಮಾವ — ನೋಡಮ್ಮ, ಹಾಸೋವಾಗ ಅರ್ಧ ದಿನದ ಕೆಲಸ, ಕೀಳೋವಾಗ ಮೂರು ದಿನ. ಕಿತ್ತರೂ ಅರ್ಧ ಮಣ್ಣಲ್ಲೇ ಉಳೀತು. ಮೊನ್ನೆ ಅಂಗಡಿಯವನು ಹೇಳ್ತಿದ್ದ, ಮೆಕ್ಕೆಜೋಳದಿಂದ ಮಾಡಿದ ಮಲ್ಚಿಂಗ್ ಪೇಪರ್ ಬಂದಿದೆ, ಕೀಳೋದೇ ಬೇಡ, ಹಾಗೇ ಉಳುಮೆ ಹೊಡೆದುಬಿಡಿ, ಕರಗಿ ಗೊಬ್ಬರ ಆಗುತ್ತೆ ಅಂತ. ನಿಜವಾ?

ಸೊಸೆ — ಮೂರು ಬೇರೆ ಬೇರೆ ಮಾತನ್ನ ಒಂದೇ ಉಸಿರಲ್ಲಿ ಹೇಳಿಬಿಟ್ಟಿದ್ದಾನೆ ಮಾವ. ಜೋಳದಿಂದ ಮಾಡಿದ್ದು ಅನ್ನೋದು ನಿಜ ಇರಬಹುದು. ಹಾಗಂತ ಅದು ಕರಗಲೇಬೇಕು ಅಂತಿಲ್ಲ. ಕರಗಿದರೂ ಗೊಬ್ಬರ ಆಗಬೇಕು ಅಂತಂತೂ ಇಲ್ಲವೇ ಇಲ್ಲ.

ಮಾವ — ಅದ್ಯಾಕೆ? ನೆಲದಿಂದ ಬಂದಿದ್ದು ನೆಲಕ್ಕೆ ಹೋಗಲ್ವಾ?

ಸೊಸೆ — ಬ್ರೆಜಿಲ್‌ನಲ್ಲಿ ಬ್ರಾಸ್ಕೆಮ್ ಅನ್ನೋ ಕಂಪನಿ 2010ರಿಂದ ಕಬ್ಬಿನ ಆಲ್ಕೊಹಾಲ್‌ನಿಂದ ಪಾಲಿಥೀನ್ ಮಾಡ್ತಿದೆ. ಹುಟ್ಟಿದ್ದು ಕಬ್ಬಿನ ಗದ್ದೆಯಲ್ಲೇ. ಆದರೆ ಆಗಿದ್ದು ಮಾತ್ರ ಅದೇ ಪಾಲಿಥೀನ್. ಬದುವಿನ ಮೇಲೆ ಬಿದ್ದಿದೆಯಲ್ಲ, ಅದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ, ಅಷ್ಟೇ ವರ್ಷ ಮಣ್ಣಲ್ಲಿರುತ್ತೆ. ಇತ್ತ ಪಾಲಿಕ್ಯಾಪ್ರೊಲ್ಯಾಕ್ಟೋನ್ ಅಂತ ಒಂದಿದೆ. ಅದು ಪೂರ್ತಿ ಪೆಟ್ರೋಲಿಯಂ ಸಂತಾನ, ಆದರೂ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನ ಖುಷಿಯಾಗಿ ತಿಂತಾವೆ. ಅವಕ್ಕೆ ಕಚ್ಚಾವಸ್ತುವಿನ ಜಾತಕ ಬೇಡ. ಸರಪಳಿಯಲ್ಲಿ ಎಂಥ ಕೊಂಡಿ ಇದೆ, ಅದಕ್ಕೆ ಹಲ್ಲು ತಾಗುತ್ತಾ ಇಲ್ಲವಾ, ಅಷ್ಟೇ.

ಮಾವ — ಸರಿ, ಆ ಜೋಳದ್ದು ಯಾವುದು ಹೇಳು.

ಸೊಸೆ — ಪಾಲಿಲ್ಯಾಕ್ಟಿಕ್ ಆಮ್ಲ. ಚಿಕ್ಕದಾಗಿ ಪಿಎಲ್‌ಎ. ಜೋಳದ ಪಿಷ್ಟವನ್ನ ಸಕ್ಕರೆ ಮಾಡ್ತಾರೆ, ಆ ಸಕ್ಕರೆಯನ್ನ ಬ್ಯಾಕ್ಟೀರಿಯಾಗಳಿಗೆ ಕೊಟ್ಟು ಹುಳಿ ಬರಿಸ್ತಾರೆ. ಬರೋದು ಲ್ಯಾಕ್ಟಿಕ್ ಆಮ್ಲ, ನಮ್ಮ ಮೊಸರಿನ ಹುಳಿ. 1780ರಲ್ಲಿ ಶೀಲೆ ಅನ್ನೋ ಸ್ವೀಡನ್ನಿನ ರಸಾಯನ ವಿಜ್ಞಾನಿ ಅದನ್ನ ಮೊದಲು ಬೇರ್ಪಡಿಸಿದ್ದು ಹುಳಿ ಹಾಲಿನಿಂದಲೇ. ಆ ಆಮ್ಲದ ಅಣುಗಳನ್ನ ಒಂದಕ್ಕೊಂದು ಪೋಣಿಸಿದರೆ ಪಿಎಲ್‌ಎ. ಅಮೆರಿಕದ ನೆಬ್ರಾಸ್ಕಾದಲ್ಲಿ ಬ್ಲೇರ್ ಅಂತ ಊರು, ಸುತ್ತ ಬರೀ ಜೋಳ. ಅಲ್ಲಿ 2002ರಿಂದ ದೊಡ್ಡ ಕಾರ್ಖಾನೆ ಇದೆ. ಥಾಯ್ಲೆಂಡ್‌ನಲ್ಲಿ ಕಬ್ಬಿನಿಂದ ಮಾಡ್ತಾರೆ. ನಮ್ಮಲ್ಲೂ ಉತ್ತರ ಪ್ರದೇಶದ ಬಲರಾಮ್‌ಪುರ್ ಸಕ್ಕರೆ ಕಂಪನಿ ಇದಕ್ಕೇ ಕೈ ಹಾಕಿದೆ.

ಮಾವ — ಮೊಸರಿನ ಹುಳಿ ಅಂದಮೇಲೆ ಕರಗೋದಕ್ಕೇನು ಕಷ್ಟ?

ಸೊಸೆ — ಹುಳಿಗೆ ಕಷ್ಟ ಇಲ್ಲ. ಬಿಡಿ ಬಿಡಿ ಲ್ಯಾಕ್ಟಿಕ್ ಆಮ್ಲ ಕೊಟ್ಟರೆ ಮಣ್ಣಿನ ಯಾವ ಬ್ಯಾಕ್ಟೀರಿಯಾ ಬೇಕಾದರೂ ತಿಂದು ಮುಗಿಸುತ್ತೆ. ತೊಂದರೆ ಇರೋದು ಪೋಣಿಸಿದ್ದನ್ನ ಬಿಡಿಸೋದರಲ್ಲಿ. ಒಂದು ಅಣುವಿನ ಆಮ್ಲದ ತುದಿ, ಪಕ್ಕದ ಅಣುವಿನ ಆಲ್ಕೊಹಾಲ್ ತುದಿ ಹಿಡಿದುಕೊಂಡಾಗ ನಡುವಿಂದ ಒಂದು ನೀರು ಹೊರಗೆ ಹೋಗುತ್ತೆ. ಆ ಹಿಡಿತಕ್ಕೇ ಎಸ್ಟರ್ ಕೊಂಡಿ ಅನ್ನೋದು. ಕೊಂಡಿ ಬಿಡಿಸಬೇಕಾದರೆ ಹೋದ ನೀರನ್ನ ಅದೇ ಜಾಗಕ್ಕೆ ವಾಪಸ್ ತಂದು ಕೂರಿಸಬೇಕು.

ಮಾವ — ಇಂಥ ಕೊಂಡಿಯದೆಲ್ಲ ಪಾಲಿಯೆಸ್ಟರ್ರಾ? ಹಂಗಾದರೆ ನನ್ನ ಈ ಶರ್ಟೂ ಕರಗಬೇಕು.

ಸೊಸೆ — ಕೊಂಡಿ ಅದೇ ಮಾವ, ಆದರೆ ಬಟ್ಟೆಯ ಪಾಲಿಯೆಸ್ಟರ್‌ನಲ್ಲಿ ಕೊಂಡಿ ಕೊಂಡಿಯ ನಡುವೆ ಗಟ್ಟಿ ಬೆಂಜೀನ್ ಉಂಗುರ ಕೂತಿದೆ. ಸರಪಳಿ ಬಾಗಲ್ಲ, ಬಳುಕಲ್ಲ. ಬಾಗದ ಸರಪಳಿ ಕಿಣ್ವದ ಸಂದಿಗೆ ಒಳಗೆ ಬರಲ್ಲ.

ಮಾವ — ನನ್ನ ಹರ್ನಿಯಾ ಆಪರೇಷನ್ ಆದಾಗ ಡಾಕ್ಟ್ರು ಒಳಗಡೆ ಕರಗೋ ಹೊಲಿಗೆ ಹಾಕಿದ್ದೀನಿ ಅಂದಿದ್ದರು. ಅದೂ ಇದೇ ಜಾತಿಯದಾ?

ಸೊಸೆ — ಖಾಸಾ ಸೋದರಸಂಬಂಧಿ. ಹೆಚ್ಚಾಗಿ ಬಳಸೋ ದಾರದಲ್ಲಿ ನೂರಕ್ಕೆ 90 ಭಾಗ ಗ್ಲೈಕಾಲಿಕ್ ಆಮ್ಲ, 10 ಭಾಗ ಲ್ಯಾಕ್ಟಿಕ್ ಆಮ್ಲ. 1970ರ ದಶಕದಿಂದ ಇದೆ. ಎರಡು ತಿಂಗಳು, ಎರಡೂವರೆ ತಿಂಗಳಲ್ಲಿ ಮೈಯೊಳಗೆ ಮಾಯ. ಆದರೆ ಅಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಕಿಣ್ವ ಅಲ್ಲ, ಮೈಯಲ್ಲಿರೋ ನೀರೇ. ಬರೀ ಲ್ಯಾಕ್ಟಿಕ್ ಆಮ್ಲದಿಂದ ಮಾಡಿದ ಸ್ಕ್ರೂಗಳನ್ನೂ ಮೂಳೆಗೆ ಹಾಕ್ತಾರೆ. ಅವು ಅದೇ ಮೈಯಲ್ಲಿ, ಅದೇ ಬಿಸಿಯಲ್ಲಿ ವರ್ಷಗಟ್ಟಲೆ ಕೂತಿರುತ್ತವೆ.

ಮಾವ — ನೀರೇ ಸಾಕಾದರೆ ನಿನ್ನ ಕಿಣ್ವ ಯಾಕಮ್ಮ?

ಸೊಸೆ — ನೀರಿಗೆ ಬಿಸಿ ಬೇಕು, ವರ್ಷಗಳೂ ಬೇಕು. ಈಗ ಬಿಸಿಯ ವಿಷಯವೇ ತಗೊಳ್ಳಿ. ಪಿಎಲ್‌ಎ ಲೋಟಕ್ಕೆ ಕುದಿಯೋ ಕಾಫಿ ಹುಯ್ದರೆ ಮೆತ್ತಗಾಗಿ ಬಾಗಿಬಿಡುತ್ತೆ. 55ರಿಂದ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದರ ಸರಪಳಿಗಳಿಗೆ ಮೈ ಸಡಿಲವಾಗೋದು. ಅದಕ್ಕಿಂತ ಕೆಳಗೆ ಅವು ಇದ್ದಲ್ಲೇ ಸೆಟೆದು ನಿಂತಿರುತ್ತವೆ. ಸೆಟೆದ ಸರಪಳಿಯೊಳಗೆ ನೀರು ನಿಧಾನಕ್ಕೆ ನುಗ್ಗುತ್ತೆ, ಕೊಂಡಿ ಇನ್ನೂ ನಿಧಾನಕ್ಕೆ ಬಿಡುತ್ತೆ. ಅದಕ್ಕೇ ಕಾರ್ಖಾನೆ ಮಟ್ಟದ ಕಾಂಪೋಸ್ಟ್ ಪರೀಕ್ಷೆ ನಡೆಸೋದು 58 ಡಿಗ್ರಿಯಲ್ಲಿ. ಆ ಬಿಸಿಯಲ್ಲಿ ಮೊದಲು ನೀರು ಉದ್ದ ಸರಪಳಿಯನ್ನ ತುಂಡು ತುಂಡು ಮಾಡುತ್ತೆ, ಆಮೇಲೆ ಸೂಕ್ಷ್ಮಜೀವಿಗಳು ತುಂಡನ್ನ ತಿಂತಾವೆ. ಕಿಣ್ವದ ದಾರಿ ಬೇರೆ. ಅದು ಕೊಂಡಿಯನ್ನ ಹಿಡಿದು ಬಗ್ಗಿಸಿ, ನೀರನ್ನ ಅಲ್ಲಿಗೇ ತಂದು ಕೊಡುತ್ತೆ. ಆದರೆ ಅದಕ್ಕೂ ಒಂದು ಇತಿಮಿತಿ ಇದೆ. ಕಿಣ್ವ ಅಂದರೆ ಪ್ರೋಟೀನು, ಒಂದು ನೀರಿನ ಅಣುವಿಗಿಂತ ಸುಮಾರು 1,600 ಪಟ್ಟು ಭಾರ. ಪ್ಲಾಸ್ಟಿಕ್ಕಿನ ಒಳಗೆ ಅದು ಹೋಗೋ ಮಾತೇ ಇಲ್ಲ. ಮೇಲ್ಮೈಯಿಂದ ಕೆರೆದುಕೊಂಡೇ ಬರಬೇಕು. ಹಾಗಾಗಿ ಕಿಣ್ವ ಕೆಲಸ ಮಾಡಿದ ಹಾಳೆ ತೆಳ್ಳಗಾಗ್ತಾ ಹೋಗುತ್ತೆ, ಉಳಿದಿದ್ದು ಒಳಗೆ ಗಟ್ಟಿಯಾಗೇ ಇರುತ್ತೆ. ನೀರು ಕೆಲಸ ಮಾಡಿದ ಹಾಳೆ ನೋಡೋಕೆ ಹಾಗೇ ಇರುತ್ತೆ, ಮುಟ್ಟಿದರೆ ಪುಡಿ ಪುಡಿ.

ಮಾವ — ಈ ಕಿಣ್ವ ಎಲ್ಲಿಂದ ಬಂತು? ಪ್ಲಾಸ್ಟಿಕ್ ಬಂದು ನೂರು ವರ್ಷ ಆಗಿರಬಹುದು. ಬ್ಯಾಕ್ಟೀರಿಯಾಗಳು ಅಷ್ಟು ಬೇಗ ಕಲಿತುಬಿಟ್ಟವಾ?

ಸೊಸೆ — ಕಲಿತಿಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ ಮಾವ, ಸ್ವಲ್ಪ ಉದ್ದ ಹೇಳ್ತೀನಿ. ಎಣ್ಣೆ, ತುಪ್ಪ ಎಲ್ಲವೂ ಎಸ್ಟರ್‌ಗಳೇ. ನಮ್ಮ ಹೊಟ್ಟೆಯಲ್ಲಿ ಅವನ್ನ ಕತ್ತರಿಸೋ ಕಿಣ್ವದ ಹೆಸರು ಲೈಪೇಸ್. 1977ರಲ್ಲಿ ಜಪಾನಿನ ಟೊಕಿವಾ ಮತ್ತು ಸುಝುಕಿ, ಬೂಷ್ಟಿನಿಂದ ತೆಗೆದ ಲೈಪೇಸ್ ಕೆಲವು ಪಾಲಿಯೆಸ್ಟರ್‌ಗಳನ್ನೂ ಕತ್ತರಿಸುತ್ತೆ ಅಂತ ತೋರಿಸಿದರು. ಎಸ್ಟರ್ ಕತ್ತರಿಸೋನು ಎಸ್ಟರ್ ಕತ್ತರಿಸಿದ, ಅದರಲ್ಲಿ ಆಶ್ಚರ್ಯ ಇಲ್ಲ. ಹಾಗಾದರೆ ಪಿಎಲ್‌ಎಯನ್ನೂ ಲೈಪೇಸೇ ಕತ್ತರಿಸಬೇಕು ಅಲ್ವಾ? ಹೆಚ್ಚಿನ ಲೈಪೇಸ್‌ಗಳು ಮುಟ್ಟಿಯೂ ನೋಡಲ್ಲ. 1981ರಲ್ಲಿ ವಿಲಿಯಮ್ಸ್ ಅನ್ನೋರು ಬರೆದರು, ಪಿಎಲ್‌ಎಯನ್ನ ಕತ್ತರಿಸೋದು ಪ್ರೋಟಿನೇಸ್ ಕೆ ಅಂತ. ಅದು ಒಂದು ಬೂಷ್ಟಿನ ಕಿಣ್ವ. ಅದರ ಕಸುಬು ಪ್ರೋಟೀನನ್ನ, ಕೂದಲು ಕೊಂಬಿನ ಕೆರಾಟಿನ್ ಥರದ ಗಟ್ಟಿ ಪ್ರೋಟೀನನ್ನೂ ಅರಗಿಸೋದು.

ಮಾವ — ಮಾಂಸ ತಿನ್ನೋನು ಜೋಳದ ಪ್ಲಾಸ್ಟಿಕ್ ತಿಂದ.

ಸೊಸೆ — ಹೌದು. ಆಮೇಲೆ 1997ರಲ್ಲಿ ತ್ಸುಕುಬಾದಲ್ಲಿ ಅದೇ ಟೊಕಿವಾ ಅವರ ತಂಡ ಮಣ್ಣಿನಿಂದ ಪಿಎಲ್‌ಎ ತಿನ್ನೋ ಒಂದು ಜೀವಿಯನ್ನ ಹಿಡಿಯಿತು. ಅಮೈಕೊಲಟಾಪ್ಸಿಸ್ ಅಂತ ಹೆಸರು. ಬ್ಯಾಕ್ಟೀರಿಯಾನೇ, ಆದರೆ ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಹರಡುತ್ತೆ. ಹಿಡಿಯೋದು ಹೇಗೆ ಗೊತ್ತಾ? ನಾವೂ ಹಾಗೇ ಮಾಡ್ತೀವಿ. ಪಿಎಲ್‌ಎಯನ್ನ ದ್ರಾವಕದಲ್ಲಿ ಕರಗಿಸಿ, ಅಗರ್ ನೀರಿನ ಜೊತೆ ಚೆನ್ನಾಗಿ ಕಡೆದು, ದ್ರಾವಕವೆಲ್ಲ ಆವಿಯಾದ ಮೇಲೆ ಗಾಜಿನ ತಟ್ಟೆಗೆ ಹುಯ್ತೀವಿ. ತಟ್ಟೆ ಬೆಳ್ಳಗೆ ಮಬ್ಬಾಗಿರುತ್ತೆ, ಕೆಳಗಿಟ್ಟ ಪೇಪರಿನ ಅಕ್ಷರ ಕಾಣಲ್ಲ. ಮಣ್ಣು ಕಲಸಿದ ನೀರನ್ನ ತೆಳುವಾಗಿ ಬಳಿದು ಇಡ್ತೀವಿ. ದಿನ ಕಳೆದಂತೆ ಹಳದಿ, ಬೂದಿ, ಕೇಸರಿ ಚುಕ್ಕೆಗಳು ಏಳ್ತವೆ. ನೂರು ಚುಕ್ಕೆ ಎದ್ದರೂ ಸುಮ್ಮನೆ. ಎಲ್ಲೋ ಒಂದರ ಸುತ್ತ ಮಬ್ಬು ಹೋಗಿ ಉಂಗುರದಷ್ಟು ಜಾಗ ತಿಳಿಯಾಗುತ್ತೆ, ಆ ಉಂಗುರದ ಕೆಳಗೆ ಮಾತ್ರ ಅಕ್ಷರ ಓದೋಕೆ ಬರುತ್ತೆ. ಅವನೇ ನಮ್ಮ ಆಸಾಮಿ. ಪಿಎಲ್‌ಎಗೆ ಉಂಗುರ ಕೊಡೋರು ತುಂಬಾ ಅಪರೂಪ.

ಮಾವ — ಅಪರೂಪ ಅಂದರೆ ನಮ್ಮ ಮಣ್ಣಲ್ಲಿ ಇಲ್ಲದೇ ಇರಬಹುದು.

ಸೊಸೆ — ಇದ್ದರೂ ಕೆಲಸ ಮಾಡದೇ ಇರಬಹುದು. ಈಗ ನಿಮ್ಮ ಹುಳುಮನೆ ಕಡೆ ಬನ್ನಿ. ಅಮೈಕೊಲಟಾಪ್ಸಿಸ್‌ಗೆ ಬರೀ ಪಿಎಲ್‌ಎ ಕೊಟ್ಟಾಗ ಅದು ಸೋಮಾರಿ. ಆಹಾರದ ಜೊತೆ ಒಂದು ಚಿಟಿಕೆ ರೇಷ್ಮೆ ಪುಡಿ ಹಾಕಿದರೆ ಪಿಎಲ್‌ಎ ಕತ್ತರಿಸೋ ಕಿಣ್ವವನ್ನ ಧಾರಾಳವಾಗಿ ಸುರಿಸುತ್ತೆ. ಇದನ್ನ ಕಂಡುಕೊಂಡಿದ್ದೂ ಅದೇ ಜಪಾನಿನ ತಂಡ.

ಮಾವ — ರೇಷ್ಮೆಗೂ ಜೋಳದ ಪ್ಲಾಸ್ಟಿಕ್ಕಿಗೂ ಏನಮ್ಮ ನಂಟು? ರೇಷ್ಮೆ ಹುಳ ತಿನ್ನೋದು ಸೊಪ್ಪು.

ಸೊಸೆ — ಗೂಡನ್ನ ಬಿಸಿನೀರಲ್ಲಿ ಬೇಯಿಸಿದಾಗ ಅಂಟು ಬಿಡುತ್ತಲ್ಲ, ಅದು ಸೆರಿಸಿನ್. ಅಂಟು ಹೋಗಿ ಎಳೆಯಾಗಿ ಬಿಚ್ಚಿಕೊಳ್ಳೋದು ಫೈಬ್ರಾಯಿನ್. ಈ ಫೈಬ್ರಾಯಿನ್ ಒಂದು ಪ್ರೋಟೀನು, ಆದರೆ ಬೇರೆ ಪ್ರೋಟೀನುಗಳ ಹಾಗೆ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳ ಸಂತೆ ಅಲ್ಲ. ಬಹುಪಾಲು ಗ್ಲೈಸೀನ್, ಅಲನೀನ್, ಮತ್ತೆ ಗ್ಲೈಸೀನ್, ಮತ್ತೆ ಅಲನೀನ್. ಹತ್ತರಲ್ಲಿ ಸುಮಾರು ಮೂರು ಅಲನೀನ್. ಈಗ ಅಲನೀನ್ ಚಿತ್ರ ಬರೀತೀನಿ, ಆ ಕಡ್ಡಿ ಕೊಡಿ ಮಾವ. ನಡುವೆ ಒಂದು ಇಂಗಾಲ. ಅದಕ್ಕೆ ಮೇಲೊಂದು ಮೀಥೈಲ್ ಗುಂಪು. ಬಲಕ್ಕೆ ಆಮ್ಲದ ತುದಿ. ಎಡಕ್ಕೆ ಸಾರಜನಕ. ಸರಿನಾ? ಈಗ ಎಡಗಡೆ ಸಾರಜನಕ ಅಳಿಸಿ ಆಮ್ಲಜನಕ ಬರೀರಿ.

ಮಾವ — ಬರೆದೆ. ಏನಾಯ್ತು?

ಸೊಸೆ — ಲ್ಯಾಕ್ಟಿಕ್ ಆಮ್ಲ ಆಯ್ತು. ಅಷ್ಟೇ ವ್ಯತ್ಯಾಸ. ಅಲನೀನ್‌ಗಳ ಸರಪಳಿಯಲ್ಲಿ ಸಾರಜನಕ ಇರೋ ಕಡೆಯೆಲ್ಲ ಆಮ್ಲಜನಕ ಇಟ್ಟರೆ ಪಿಎಲ್‌ಎ. ಕಿಣ್ವದ ಸಂದಿಯಲ್ಲಿ ಆ ಮೀಥೈಲ್ ಗುಂಪು ಕೂರೋಕೆ ಒಂದು ಗುಳಿ ಇರುತ್ತೆ, ಕೊಂಡಿ ಬಂದು ನಿಲ್ಲೋ ಕಡೆ ಸೀರಿನ್ ಅನ್ನೋ ಕತ್ತರಿ ಇರುತ್ತೆ. ಪಿಎಲ್‌ಎ ಬಂದು ಕೂತಾಗಲೂ ಗುಳಿ ತುಂಬುತ್ತೆ, ಕೊಂಡಿ ಸರಿಯಾದ ಜಾಗಕ್ಕೇ ಬರುತ್ತೆ. ಕತ್ತರಿ ಬೀಳುತ್ತೆ. ಅದೂ ಅಲ್ಲದೆ ಪ್ರೋಟೀನಿನ ಕೊಂಡಿಗಿಂತ ಎಸ್ಟರ್ ಕೊಂಡಿ ಸಡಿಲ. ರೇಷ್ಮೆ ಕತ್ತರಿಸೋ ಶಕ್ತಿ ಇದ್ದೋನಿಗೆ ಇದು ದೊಡ್ಡದಲ್ಲ.

ಮಾವ — ಅಂದರೆ ಆ ಜೀವಿಗೆ ತಾನು ಪ್ಲಾಸ್ಟಿಕ್ ತಿಂತಿದ್ದೀನಿ ಅಂತಲೇ ಗೊತ್ತಿಲ್ಲ.

ಸೊಸೆ — ಗೊತ್ತಾಗೋಕೆ ಕಾರಣವೂ ಇಲ್ಲ. ಪತ್ರಿಕೆಗಳಲ್ಲಿ ‘ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಪತ್ತೆ’ ಅಂತ ಬರುತ್ತಲ್ಲ, ಓದಿದಾಗೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತೆ. ಏನೋ ಹೊಸ ಅವತಾರ ಆಯ್ತು ಅನ್ನೋ ಹಾಗೆ ಬರೀತಾರೆ. ಹಳೇ ಊಟದ ಅಭ್ಯಾಸ ಮುಂದುವರಿದಿದೆ, ಅಷ್ಟೇ. ಆದ್ದರಿಂದಲೇ ಇದು ಎಲ್ಲಾ ಕಡೆ ನಡೆಯಲ್ಲ. ಮಣ್ಣಲ್ಲಿ ರೇಷ್ಮೆಯಂಥ ಊಟದ ವಾಸನೆ ಇಲ್ಲದಿದ್ದರೆ ಆ ಕಿಣ್ವ ಹೊರಗೇ ಬರಲ್ಲ. ಇನ್ನೊಂದು ಕೊಸರು ಇದೆ. ಲ್ಯಾಕ್ಟಿಕ್ ಆಮ್ಲದಲ್ಲಿ ಎಡಗೈ ಬಲಗೈ ಥರ ಎರಡು ರೂಪ, ಎಲ್ ಮತ್ತು ಡಿ. ಜೀವಿಗಳ ಪ್ರೋಟೀನಲ್ಲಿರೋ ಅಲನೀನ್ ಎಲ್ ರೂಪದ್ದು. ಹಾಗಾಗಿ ಪ್ರೋಟಿನೇಸ್ ಕೆ ಎಲ್ ರೂಪದ ಪಿಎಲ್‌ಎಯನ್ನ ಕತ್ತರಿಸುತ್ತೆ, ಪೂರ್ತಿ ಡಿ ರೂಪದ್ದನ್ನ ಕೊಟ್ಟರೆ ಮುಟ್ಟಲ್ಲ. ಪೇಟೆಯಲ್ಲಿ ಸಿಗೋದು ಬಹುಪಾಲು ಎಲ್, ಸ್ವಲ್ಪ ಡಿ ಬೆರೆತಿದ್ದು. ಬೆರೆತಾಗ ಸರಪಳಿಗಳು ಹರಳುಗಟ್ಟಿ ಒತ್ತಾಗಿ ಕೂರೋಕೆ ಆಗಲ್ಲ. ಒತ್ತಾಗಿ ಕೂರದ ಕಡೆಯಿಂದಲೇ ಕಿಣ್ವ ಮೊದಲು ಶುರು ಮಾಡೋದು.

ಮಾವ — ಹಾಗಾದರೆ ನನ್ನ ಹೊಲಕ್ಕೆ ಹುಳುಮನೆ ಕಸ ಹಾಕಿದರೆ?

ಸೊಸೆ — ಹಾಕ್ತಾನೇ ಇದ್ದೀರಲ್ಲ, ಹಿಪ್ಪುನೇರಳೆಗೆ ಒಳ್ಳೇದು. ಆದರೆ ಬಿಸಿಯ ಲೆಕ್ಕ ಮರೀಬೇಡಿ. 25 ಡಿಗ್ರಿ ಮಣ್ಣಲ್ಲಿ ಸರಪಳಿ ಸೆಟೆದೇ ಇರುತ್ತೆ. ಕತ್ತರಿ ಇದ್ದರೂ ಬಟ್ಟೆ ಬಾಯಿಗೆ ಸಿಗಬೇಕಲ್ಲ. ಸಮುದ್ರದಲ್ಲಂತೂ ಇನ್ನೂ ಕಷ್ಟ. ಕ್ಯಾಲಿಫೋರ್ನಿಯಾದ ಲಾ ಹೋಯಾ ಕಡಲಲ್ಲಿ ಪಿಎಲ್‌ಎ ಬಟ್ಟೆಯನ್ನ 428 ದಿನ ಮುಳುಗಿಸಿಟ್ಟಿದ್ದರು. 2023ರಲ್ಲಿ ಫಲಿತಾಂಶ ಬಂತು, ಏನೂ ಆಗಿರಲಿಲ್ಲ. ಹತ್ತಿಯಂಥ ನಾರಿನ ಬಟ್ಟೆ ತಿಂಗಳೊಪ್ಪತ್ತಿನಲ್ಲೇ ಮುಗಿದುಹೋಗಿತ್ತು.

ಮಾವ — ಎಲ್ಲಾ ಕಡೆ ಕರಗೋದು ಯಾವುದೂ ಇಲ್ವಾ ಹಂಗಾದರೆ?

ಸೊಸೆ — ಇದೆ, ಪಿಎಚ್‌ಬಿ. ಇದನ್ನ ಬ್ಯಾಕ್ಟೀರಿಯಾಗಳೇ ತಮ್ಮ ಮೈಯೊಳಗೆ ಕಾಳು ಕಾಳಾಗಿ ಕೂಡಿಟ್ಟುಕೊಳ್ತವೆ, ನಾವು ಕೊಬ್ಬು ಕೂಡಿಟ್ಟ ಹಾಗೆ. 1926ರಲ್ಲಿ ಫ್ರಾನ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಲೆಮಾಯ್ನ್ ಅನ್ನೋರು ಗುರುತಿಸಿದರು. ಕೂಡಿಡೋರು ಇದ್ದಮೇಲೆ ಕದಿಯೋರೂ ಇರಬೇಕಲ್ಲ. ಹಾಗಾಗಿ ಅದನ್ನ ಕತ್ತರಿಸೋ ಕಿಣ್ವ ಮಣ್ಣು, ಕೆರೆ, ಸಮುದ್ರ ಎಲ್ಲಾ ಕಡೆ ಇದೆ. 1990ರಲ್ಲೇ ಜರ್ಮನಿಯಲ್ಲಿ ಇದರ ಶಾಂಪೂ ಬಾಟಲಿ ಬಂದಿತ್ತು. ಆದರೆ ದುಬಾರಿ, ಮತ್ತೆ ಬಾಗಿಸಿದರೆ ಪಟ್ ಅಂತ ಮುರಿಯುತ್ತೆ. ನಿಮ್ಮ ಸಾಲಿನ ಮೇಲೆ ಎಳೆದು ಹಾಸೋಕೆ ಅದೊಂದೇ ಸಾಲದು.

ಮಾವ — ಮತ್ತೆ ಅಂಗಡಿಯವನು ತೋರಿಸಿದ ಪೇಪರಲ್ಲಿ ಏನಿತ್ತು?

ಸೊಸೆ — ನೋಡದೆ ಹೇಳೋ ಹಾಗಿಲ್ಲ. ಸಾಮಾನ್ಯವಾಗಿ ಇಂಥ ಹಾಳೆಗಳಲ್ಲಿ ಪಿಬಿಎಟಿ ಅನ್ನೋ ಪಾಲಿಯೆಸ್ಟರ್ ಹೆಚ್ಚು, ಅದರ ಜೊತೆ ಪಿಷ್ಟ ಇಲ್ಲವೇ ಪಿಎಲ್‌ಎ. ತಮಾಷೆ ಏನು ಗೊತ್ತಾ? ಆ ಪಿಬಿಎಟಿ ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಬರೋದು. ನಿಮ್ಮ ಮಣ್ಣಲ್ಲಿ ಬೇಗ ಕರಗೋದು ಆ ಪೆಟ್ರೋಲಿಯಂ ಭಾಗ, ಹಾಗೇ ಕೂರೋದು ಜೋಳದ ಪಿಎಲ್‌ಎ ಭಾಗ.

ಮಾವ — ಅಂಗಡಿಯವನಿಗೆ ಇದನ್ನ ಹೇಳಿದರೆ ಹೊಡೆಯೋಕೆ ಬರ್ತಾನೆ.

ಸೊಸೆ — (ನಗುತ್ತಾ) ಬರಲಿ. ಆದರೆ ಪಿಬಿಎಟಿ ಥರದವನ್ನ ಕತ್ತರಿಸೋ ಕಿಣ್ವ ಎಲ್ಲಿಂದ ಬಂತು ಅಂತ ಕೇಳಲಿಲ್ಲ ನೀವು. ಅದೂ ನಿಮ್ಮ ತೋಟದ್ದೇ. ಟೊಮೆಟೊ ಬೇಯಿಸಿದಾಗ ಸಿಪ್ಪೆ ಸುರುಳಿ ಸುತ್ತಿ ಬೇರೆಯಾಗುತ್ತಲ್ಲ, ಎಷ್ಟು ಕುದಿಸಿದರೂ ಕರಗಲ್ಲ. ಅದರ ಹೊರಪದರದಲ್ಲಿ ಕ್ಯೂಟಿನ್ ಇದೆ. ಅದು ಗಿಡವೇ ಮಾಡಿಕೊಂಡ ಪಾಲಿಯೆಸ್ಟರ್. ಪ್ರತಿ ಎಲೆಯ ಮೇಲೂ ಇದೆ, ನೀರು ಆವಿಯಾಗಿ ಹೋಗದ ಹಾಗೆ, ರೋಗ ಒಳಗೆ ಬರದ ಹಾಗೆ. ಎಲೆಗೆ ನುಗ್ಗೋ ಬೂಷ್ಟುಗಳು ಅದನ್ನ ಕತ್ತರಿಸೋಕೆ ಕ್ಯೂಟಿನೇಸ್ ಅನ್ನೋ ಕಿಣ್ವ ಇಟ್ಟುಕೊಂಡಿವೆ. ಎಲೆಯ ಮೇಲೆ ಸುಮ್ಮನೆ ಬದುಕೋ ಯೀಸ್ಟ್‌ಗಳ ಹತ್ತಿರವೂ ಅಂಥದ್ದೇ ಇದೆ. ಜಪಾನಿನ ಕೃಷಿ ಸಂಶೋಧಕರು ಒಂದು ಯೀಸ್ಟನ್ನ ಹಿಡಿದಿದ್ದಾರೆ. ಅದರ ಹೆಸರಲ್ಲಿ ಅಂಟಾರ್ಕ್ಟಿಕಾ ಇದೆ, ಮೊದಲು ಸಿಕ್ಕಿದ್ದು ಅಲ್ಲಿನ ಸರೋವರದ ಕೆಸರಲ್ಲಿ. ಇವರಿಗೆ ಸಿಕ್ಕಿದ್ದು ಭತ್ತದ ಹೊಟ್ಟಿನ ಮೇಲೆ! ಅದರ ಕಿಣ್ವವನ್ನ ಬೆಳೆ ಮುಗಿದ ಮೇಲೆ ಕರಗೋ ಜಾತಿಯ ಮಲ್ಚಿಂಗ್ ಹಾಳೆಯ ಮೇಲೆ ಸಿಂಪಡಿಸಿ ನೋಡಿದ್ದಾರೆ. ಹಾಳೆ ಬಲ ಕಳೆದುಕೊಂಡು ಹರಿಯುತ್ತೆ, ಆಮೇಲೆ ಉಳುಮೆ ಹೊಡೆದರೆ ಸುಲಭ.

ಮಾವ — ಇದು ಕೆಲಸಕ್ಕೆ ಬರೋ ಮಾತು. ಬೆಳೆ ಇರೋವರೆಗೂ ಗಟ್ಟಿ ಇರಬೇಕು, ಮುಗಿದ ದಿನ ಹೇಳಿದ ಹಾಗೆ ಕೇಳಬೇಕು. ಮಧ್ಯದಲ್ಲಿ ಹರಿದುಹೋದರೆ ಕಳೆ ಎದ್ದುಬಿಡುತ್ತೆ, ಹಾಕಿದ ದುಡ್ಡು ನೀರಲ್ಲಿ ಹೋಮ.

ಸೊಸೆ — ಸರಿಯಾಗಿ ಹಿಡಿದಿರಿ. ಎಲ್ಲರ ತಲೆಬಿಸಿಯೂ ಅದೇ, ಕರಗಬೇಕು ಆದರೆ ಈಗಲ್ಲ. ಅದಕ್ಕೆ ಇನ್ನೊಂದು ದಾರಿ ಹೊಳೆಯಿತು. ಕಿಣ್ವ ಹೊರಗಿಂದ ಬರಲಿ ಅಂತ ಕಾಯೋ ಬದಲು ಪ್ಲಾಸ್ಟಿಕ್ಕಿನ ಒಳಗೇ ಕೂಡಿಸಿಬಿಟ್ಟರೆ? ಒಣಗಿದ್ದಾಗ ನೀರಿಲ್ಲದೆ ಕಿಣ್ವ ಸುಮ್ಮನಿರುತ್ತೆ, ತೇವದ ತಿಪ್ಪೆಗೆ ಬಿದ್ದಾಗ ಏಳುತ್ತೆ.

ಮಾವ — ಪ್ಲಾಸ್ಟಿಕ್ ಕರಗಿಸಿ ಹಾಳೆ ಎಳೆಯೋ ಬಿಸಿಗೆ ನಿನ್ನ ಕಿಣ್ವ ಬೆಂದುಹೋಗಲ್ವಾ? ಅದೂ ಪ್ರೋಟೀನೇ ಅಂದೆ. ಮೊಟ್ಟೆ ಬೇಯೋಕೆ ಎಷ್ಟು ಹೊತ್ತು?

ಸೊಸೆ — ಅದೇ ತೊಡಕು. ಪಿಎಲ್‌ಎ ಕರಗಿಸೋಕೆ 160, 170 ಡಿಗ್ರಿ ಬೇಕು. ಫ್ರಾನ್ಸಿನ ಕಾರ್ಬಿಯೋಸ್ ಕಂಪನಿಯವರು ಮತ್ತು ಅವರ ಜೊತೆಗಾರರು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನ ಬಿಡಿಸಿದ ಬಗೆ ಬರೆದಿದ್ದಾರೆ. ಮೊದಲು ಬಹಳ ಬಿಸಿ ತಡೆಯೋ ಒಂದು ಕಿಣ್ವ ತಗೊಂಡರು, ಅದರ ರಚನೆಯನ್ನ ಅಲ್ಲಲ್ಲಿ ತಿದ್ದಿ ಕೆಲಸದ ವೇಗವನ್ನ 80 ಪಟ್ಟು ಹೆಚ್ಚಿಸಿದರು. ಆಮೇಲೆ ಆ ಕಿಣ್ವವನ್ನ ನೇರವಾಗಿ ಪಿಎಲ್‌ಎಗೆ ಹಾಕಲಿಲ್ಲ. ಆಗ ಹೇಳಿದೆನಲ್ಲ ಪಾಲಿಕ್ಯಾಪ್ರೊಲ್ಯಾಕ್ಟೋನ್, ಅದು 60 ಡಿಗ್ರಿ ಹತ್ತಿರವೇ ಕರಗುತ್ತೆ. 70 ಡಿಗ್ರಿಯಲ್ಲಿ ಕಿಣ್ವವನ್ನ ಅದರೊಳಗೆ ಕಲಸಿ ಕಾಳು ಮಾಡಿಕೊಂಡರು. ಆ ಕಾಳನ್ನ 160 ಡಿಗ್ರಿಯ ಪಿಎಲ್‌ಎಗೆ ಬೆರೆಸಿದರು. ಅದರ ಹೊದಿಕೆಯೊಳಗೆ ನೀರಿಲ್ಲದೆ ಕೂತ ಕಿಣ್ವ ಆ ಸ್ವಲ್ಪ ಹೊತ್ತಿನ ಬಿಸಿ ತಡೆದುಕೊಳ್ತು. ಹತ್ತು ಸಾವಿರ ಭಾಗ ಹಾಳೆಯಲ್ಲಿ ಎರಡೇ ಭಾಗ ಕಿಣ್ವ. ಆ ಹಾಳೆ ಮನೆ ಕಾಂಪೋಸ್ಟಿನ ಮಟ್ಟದ ಬಿಸಿಯಲ್ಲಿ 20ರಿಂದ 24 ವಾರಗಳಲ್ಲಿ ಪೂರ್ತಿ ಚೂರಾಯಿತು. 58 ಡಿಗ್ರಿ ಬೇಕಾಗಲಿಲ್ಲ.

ಮಾವ — ಚೂರಾಯಿತು ಅಂತೀಯ. ಚೂರಾಗೋದೂ ಮಾಯವಾಗೋದೂ ಒಂದೇನಾ? ನನ್ನ ಹೊಲದಲ್ಲಿ ಕರೀ ಪೇಪರೂ ಚೂರಾಗೇ ಇದೆ.

ಸೊಸೆ — ಈ ಪ್ರಶ್ನೆ ಕೇಳೋರೇ ಕಮ್ಮಿ ಮಾವ. ಕೆಲವು ಕಡೆ ಪಾಲಿಥೀನಿಗೆ ಒಂದು ಲೋಹದ ಉಪ್ಪು ಬೆರೆಸಿ ಬಿಸಿಲಿಗೆ ಪುಡಿಯಾಗೋ ಹಾಗೆ ಮಾಡಿ ‘ಬಯೋಡಿಗ್ರೇಡಬಲ್’ ಅಂತ ಮಾರಿದರು. ಪುಡಿಯಾಯಿತು, ಕಣ್ಣಿಗೆ ಕಾಣದ ಹಾಗಾಯಿತು, ಮಣ್ಣಲ್ಲೇ ಇತ್ತು. ಯುರೋಪಿನಲ್ಲಿ 2019ರ ಕಾಯಿದೆ ಅದನ್ನ ನಿಷೇಧಿಸಿದೆ. ಕಾಣ್ತಿಲ್ಲ ಅನ್ನೋದಾಗಲಿ, ತೂಕ ಕಮ್ಮಿಯಾಯಿತು ಅನ್ನೋದಾಗಲಿ ಸಾಕ್ಷಿಯಲ್ಲ. ಮುಚ್ಚಿದ ಪಾತ್ರೆಯಲ್ಲಿ ಮಣ್ಣಿನ ಜೊತೆ ಹಾಕಿಟ್ಟು, ಹೊರಬರೋ ಇಂಗಾಲದ ಡೈ ಆಕ್ಸೈಡ್ ಅಳೀಬೇಕು. ಪ್ಲಾಸ್ಟಿಕ್ಕಿನ ಇಂಗಾಲ ಯಾರದೋ ಹೊಟ್ಟೆಗೆ ಹೋಗಿ ಉಸಿರಾಗಿ ಬಂತು ಅನ್ನೋದಕ್ಕೆ ಅದೇ ಪುರಾವೆ. ಕಾರ್ಖಾನೆ ಕಾಂಪೋಸ್ಟಿನ ಯುರೋಪಿಯನ್ ಮಾನದಂಡ ಇಎನ್ 13432. 58 ಡಿಗ್ರಿಯಲ್ಲಿ ಆರು ತಿಂಗಳೊಳಗೆ 90 ಭಾಗ ಇಂಗಾಲ ಹಾಗೆ ಹೊರಬರಬೇಕು. ಮಲ್ಚಿಂಗ್ ಹಾಳೆಗೆ ಬೇರೆಯದೇ ಇದೆ, ಇಎನ್ 17033. ಅದರಲ್ಲಿ ಮಣ್ಣು, 25 ಡಿಗ್ರಿ ಆಸುಪಾಸು, ಎರಡು ವರ್ಷದೊಳಗೆ 90 ಭಾಗ.

ಮಾವ — ನಮ್ಮಲ್ಲಿ ಎಲ್ಲಾ ಕವರ್ ಮೇಲೂ ಹಸಿರು ಎಲೆ ಚಿತ್ರ, ‘ಕಾಂಪೋಸ್ಟಬಲ್’ ಅಂತ ಇರುತ್ತಲ್ಲ?

ಸೊಸೆ — 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯೋ ಹಲವು ಪ್ಲಾಸ್ಟಿಕ್‌ಗಳು ದೇಶದಲ್ಲಿ ಬಂದ್ ಆದವು. ಕಾಂಪೋಸ್ಟಬಲ್ ಆದವಕ್ಕೆ ವಿನಾಯಿತಿ ಇದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಆದರೆ ಕಾಂಪೋಸ್ಟಬಲ್ ಅನ್ನೋ ಪರೀಕ್ಷೆ ನಡೆಯೋದು ಬಿಸಿ ಕಾಂಪೋಸ್ಟಿನಲ್ಲಿ. ಆ ಕವರ್ ಚರಂಡಿಗೆ ಬಿದ್ದರೆ, ಕೆರೆಗೆ ಬಿದ್ದರೆ, ನಿಮ್ಮ ಹೊಲಕ್ಕೆ ಬಿದ್ದರೆ ಆ ಪರೀಕ್ಷೆ ಅಲ್ಲಿಗೆ ಸಂಬಂಧವೇ ಇಲ್ಲ. ಎಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ದಿನಕ್ಕೆ ಅಂತ ಬರೆಯದ ಹಸಿರು ಎಲೆಯನ್ನ ನಾನು ನಂಬಲ್ಲ.

ಮಾವ — ನಮ್ಮ ತಿಪ್ಪೆ?

ಸೊಸೆ — ನಡುವೆ ಬಿಸಿ ಏರುತ್ತೆ, ಹಸೀ ಸಗಣಿ, ಸೊಪ್ಪು ಹಾಕಿದ ಹೊಸದರಲ್ಲಿ 50, 60 ಡಿಗ್ರಿಯೂ ಆಗಬಹುದು. ಅಂಚಿನಲ್ಲಿ ಆಗಲ್ಲ. ಮಗುಚಿ ಹಾಕ್ತಾ, ನೀರು ಬಿಡ್ತಾ ಬಂದರೆ ಪಿಎಲ್‌ಎ ಲೋಟವನ್ನೂ ಅದು ಜೀರ್ಣಿಸಬಹುದು. ಯಾರು ಮಗುಚ್ತಾರೆ?

ಮಾವ — ಯಾರೂ ಇಲ್ಲ. ಸರಿ, ಕರಗಿತು ಅಂತಲೇ ಇಟ್ಟುಕೋ. ಗೊಬ್ಬರ ಆಗಲ್ಲ ಅಂದೆಯಲ್ಲ ಆಗಲೇ, ಯಾಕೆ?

ಸೊಸೆ — ಪಿಎಲ್‌ಎಯಲ್ಲಿರೋದು ಇಂಗಾಲ, ಜಲಜನಕ, ಆಮ್ಲಜನಕ. ಸಾರಜನಕ ಇಲ್ಲ, ರಂಜಕ ಇಲ್ಲ, ಪೊಟ್ಯಾಷ್ ಇಲ್ಲ. ಒಂದಿಷ್ಟು ಸೂಕ್ಷ್ಮಜೀವಿಗಳ ಹೊಟ್ಟೆ ತುಂಬಿಸಿ, ಉಳಿದಿದ್ದು ಗಾಳಿಗೆ ಹೋಗುತ್ತೆ. ನಿಮ್ಮ ಬೆಳೆಗೆ ಬರೋದೇನೂ ಇಲ್ಲ. ರೇಷ್ಮೆ ಕಸದಲ್ಲಾದರೂ ಸಾರಜನಕ ಇದೆ. ಆ ಮಣ್ಣಲ್ಲಿ ಬರೆದ ಚಿತ್ರದಲ್ಲಿ ನೀವೇ ಅಳಿಸಿದಿರಲ್ಲ, ಅದೇ.

ಮಾವ — ಹಾಗಾದರೆ ಜೋಳ ಬೆಳೆದು, ನೀರು ಹಾಯಿಸಿ, ಗೊಬ್ಬರ ಹಾಕಿ, ಕಾರ್ಖಾನೆಯಲ್ಲಿ ಹುಳಿ ಬರಿಸಿ, ಪೋಣಿಸಿ, ಕೊನೆಗೆ ಗಾಳಿಗೆ ಬಿಡೋದು. ನಷ್ಟದ ವ್ಯಾಪಾರ ಅಲ್ವೇನಮ್ಮ ಇದು?

ಸೊಸೆ — ಲೋಟ, ತಟ್ಟೆ, ಕವರ್ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಅಂಥದ್ದನ್ನ ಒಟ್ಟು ಮಾಡೋಕೆ ಆಗೋ ಕಡೆ ಕಾಂಪೋಸ್ಟಿಗೆ ಹಾಕೋದಕ್ಕಿಂತ ದೊಡ್ಡ ತೊಟ್ಟಿಯಲ್ಲಿ ಕಿಣ್ವ ಹಾಕಿ ಬಿಡಿಸಿ, ಲ್ಯಾಕ್ಟಿಕ್ ಆಮ್ಲವನ್ನ ವಾಪಸ್ ತೆಗೆದು ಮತ್ತೆ ಪೋಣಿಸೋದು ವಾಸಿ. ಜೋಳ, ನೀರು ಎರಡೂ ಉಳಿಯುತ್ತೆ. ಒಟ್ಟು ಮಾಡೋಕೇ ಆಗದ ಕಡೆ, ನಿಮ್ಮ ಮಲ್ಚಿಂಗ್ ಹಾಳೆ, ಮೀನಿನ ಬಲೆ, ಹೊಟ್ಟೆಯೊಳಗಿನ ಹೊಲಿಗೆ, ಅಂಥ ಕಡೆ ಮಾತ್ರ ಕರಗೋ ಗುಣಕ್ಕೆ ಬೆಲೆ. ಪ್ರಪಂಚದ ಪ್ಲಾಸ್ಟಿಕ್ಕಿನಲ್ಲಿ ಈ ಜೈವಿಕ ಮೂಲದ್ದು ಅಂತ ಹೇಳೋದೆಲ್ಲ ಸೇರಿ ನೂರರಲ್ಲಿ ಒಂದು ಪಾಲೂ ಇಲ್ಲ. ಇರೋ ಅಷ್ಟನ್ನ ಕಾಫಿ ಲೋಟಕ್ಕೆ ಸುರಿಯೋದು ನನಗೆ ಸರಿ ಕಾಣಲ್ಲ.

ಮಾವ — ನಿನ್ನ ಪ್ರಯೋಗಾಲಯದವರಿಗೆ ಇದು ಗೊತ್ತಾ?

ಸೊಸೆ — ಅವರ ಹತ್ತಿರ ಇಷ್ಟು ಜೋರಾಗಿ ಹೇಳಲ್ಲ.

ಮಾವ — ಈಗ ನನ್ನ ವಿಷಯಕ್ಕೆ ಬಾ. ಮುಂದಿನ ತಿಂಗಳು ಮತ್ತೆ ಸಸಿ ಹಾಕಬೇಕು. ಅಂಗಡಿಯವನ ಹತ್ತಿರ ಏನು ಕೇಳಲಿ?

ಸೊಸೆ — ಯಾವ ಪರೀಕ್ಷೆ ಪಾಸಾಗಿದೆ, ಕಾಗದ ತೋರಿಸು ಅನ್ನಿ. 13432 ಅಂತಿದ್ದರೆ ಅದು ಬಿಸಿ ಕಾಂಪೋಸ್ಟಿನದು, ಹೊಲಕ್ಕಲ್ಲ ಅಂತ ವಾಪಸ್ ಕೊಡಿ. 17033 ಅಂತಿದ್ದರೆ ಒಂದೇ ಒಂದು ಸಾಲಿಗೆ ಹಾಸಿ ನೋಡಿ, ಪೂರ್ತಿ ಎಕರೆಗೆ ಹಾಕಬೇಡಿ. ಟೊಮೆಟೊ ಮುಗಿಯೋವರೆಗೂ ತಡೆಯುತ್ತಾ ಅನ್ನೋದು ನಿಮಗೆ ಕಾಗದಕ್ಕಿಂತ ಮುಖ್ಯ. ಬೆಳೆ ಮುಗಿದ ಮೇಲೆ ಒಂದೆರಡು ತುಂಡನ್ನ ನೈಲಾನ್ ಸೊಳ್ಳೆಪರದೆ ಬಟ್ಟೆಯಲ್ಲಿ ಹೊಲಿದು, ಗೇಣುದ್ದ ಆಳಕ್ಕೆ ಹೂತು, ಗುರುತಿಗೆ ಗೂಟ ನೆಡಿ. ಆರು ತಿಂಗಳಿಗೊಮ್ಮೆ ತೆಗೆದು ನೋಡೋಣ.

ಮಾವ — ಕಾಗದವೇ ಇಲ್ಲ ಅಂದರೆ?

ಸೊಸೆ — ಹಳೇ ಪಾಲಿಥೀನೇ ಹಾಕಿ ಮಾವ. ಆದರೆ ನಾಲ್ಕು ಕಾಸು ಉಳಿಯುತ್ತೆ ಅಂತ ಈ 20 ಮೈಕ್ರಾನಿನದು ತರಬೇಡಿ, ಅದು ಕೀಳೋವಾಗಲೇ ಚಿಂದಿಯಾಗುತ್ತೆ. 30 ಮೈಕ್ರಾನಿನದು ತನ್ನಿ. ಅಂಚು ಬಿಡಿಸಿ ನಿಧಾನಕ್ಕೆ ಸುತ್ತಿದರೆ ಇಡೀ ಹಾಳೆ ಎದ್ದು ಬರುತ್ತೆ, ಇನ್ನೊಂದು ಬೆಳೆಗೂ ಆಗುತ್ತೆ.

ಮಾವ — ಪ್ಲಾಸ್ಟಿಕ್ ಕರಗಿಸೋದನ್ನ ಓದಿದೋಳು ನನಗೆ ದಪ್ಪ ಪ್ಲಾಸ್ಟಿಕ್ ತಗೋ ಅಂತೀಯ.

ಸೊಸೆ — ಅಂತೀನಿ. ಬಿಲ್ ಮಾತ್ರ ಇಸ್ಕೊಳ್ಳಿ, ಮೈಕ್ರಾನ್ ಎಷ್ಟು ಅಂತ ಅದರಲ್ಲಿ ಬರೆಸಿ.